ಪಿಕಪ್ ಬೆನ್ನಿಗೆ ಕ್ಯಾಂಪರ್: ಕಮಾನ್ ಪಟ್ಟಿ ಆಮೇಲೆ, ಮೊದಲು ಕಾಟಾ

ಪ್ರಶ್ನೆ: "ಸರ್, ನಾವು ವಿದ್ಯಾರಣ್ಯಪುರದವರು. ನಾಲ್ಕು ಬಾಗಿಲಿನ ಡೀಸೆಲ್ ಪಿಕಪ್ ಇದೆ, ಸ್ವಂತಕ್ಕೆ ಓಡಿಸುವುದು. ಪೀಣ್ಯದಲ್ಲಿ ಒಬ್ಬರ ಹತ್ತಿರ ಲೋಡ್ ಬಾಡಿಯಲ್ಲಿ ಕೂರುವಂಥ ಕ್ಯಾಂಪರ್ (ಒಳಗೆ ಮಲಗುವ ಡಬ್ಬಿ) ಮಾಡಿಸಿದೆ. ಬೇಕಾದಾಗ ಕೂರಿಸಿ, ಬೇಡವಾದಾಗ ಇಳಿಸಿಡಬಹುದು. ಕಬ್ಬಿಣದ ಫ್ರೇಮ್, ಪ್ಲೈವುಡ್, ಹೊರಗೆ ಅಲ್ಯೂಮಿನಿಯಂ ಶೀಟ್. 420 ಕೆಜಿ ಇರಬಹುದು ಅಂದರು. ಹಿಂದಿನ ತುದಿಯಲ್ಲಿ 80 ಲೀಟರ್ ನೀರಿನ ಟ್ಯಾಂಕ್, ಒಂದು ಇನ್ವರ್ಟರ್ ಬ್ಯಾಟರಿ, ಸಣ್ಣ ಸಿಲಿಂಡರ್ ಇದೆ. ಹೋದ ತಿಂಗಳು ನಾವಿಬ್ಬರು, ಮಕ್ಕಳಿಬ್ಬರು ದೇವನಹಳ್ಳಿ ದಾಟಿ ಹೋಗಿ ಬಂದೆವು. ಗಾಡಿ ಹಿಂದಕ್ಕೆ ಕುಸಿದು ಕೂತಿತ್ತು. ಪ್ರತಿ ಹಂಪಿನಲ್ಲೂ ಧಡ್ ಅಂತ ಹೊಡೆಯುತ್ತಿತ್ತು. ರಾತ್ರಿ ಎದುರಿಗೆ ಬಂದವರೆಲ್ಲ ಲೈಟ್ ಮಿಣುಕಿಸಿ ಬೈದುಕೊಂಡೇ ಹೋದರು. ಕಲಾಸಿಪಾಳ್ಯದ ಮೆಕ್ಯಾನಿಕ್ 'ಹಿಂದಿನ ಸ್ಪ್ರಿಂಗಿಗೆ ಎರಡು ಕಮಾನ್ ಪಟ್ಟಿ ಜಾಸ್ತಿ ಹಾಕಿದರೆ ಒಂದು ಟನ್ ಹೊರುತ್ತದೆ' ಅಂದರು. ಗೆಳೆಯನೊಬ್ಬ ಏರ್ ಬ್ಯಾಗ್ ಹಾಕಿಸು ಅನ್ನುತ್ತಾನೆ. ನಮ್ಮ ಭಾವ 'ಏನೂ ಬೇಡ, ಹಿಂದಿನ ಟೈರಿಗೆ 50 ಗಾಳಿ ಹಾಕು' ಅಂತಾರೆ. ಆರ್‌ಸಿಯಲ್ಲಿ ಖಾಲಿ ತೂಕ 1,960 ಕೆಜಿ, ಒಟ್ಟು ತೂಕ 2,600 ಕೆಜಿ ಅಂತಿದೆ. ದಸರಾ ರಜೆಗೆ ಶಿರಾಡಿ ಘಾಟ್ ಇಳಿದು ಕರಾವಳಿಗೆ ಹೋಗಬೇಕು. ಯಾವುದನ್ನು ಹಾಕಿಸಲಿ?"

ಉತ್ತರ: ನೀವು ಕೇಳಿರುವುದು ಯಾವ ಸ್ಪ್ರಿಂಗ್ ಅಂತ. ನಿಮಗೆ ನಿಜವಾಗಿ ಇರುವ ಚಿಂತೆ, ಮನೆಯವರನ್ನು ಕೂರಿಸಿಕೊಂಡು ಘಾಟ್ ಇಳಿಯುವಾಗ ಗಾಡಿ ಹೇಳಿದ ಮಾತು ಕೇಳುತ್ತದೆಯೋ ಇಲ್ಲವೋ ಅಂತ. ಇವೆರಡೂ ಬೇರೆ ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಿಮ್ಮ ಪತ್ರದ ಕೊನೆಯಲ್ಲಿರುವ ಎರಡು ಸಂಖ್ಯೆಗಳೇ ಆಧಾರ. ಪಿಕಪ್ ವಿಚಾರಕ್ಕೆ ನನ್ನ ಹತ್ತಿರ ಬರುವವರಲ್ಲಿ ಆರ್‌ಸಿ ತೆಗೆದು ನೋಡಿ ಬರುವವರು ಕಡಿಮೆ. ನೀವು ನೋಡಿದ್ದೀರಿ, ಅರ್ಧ ಕೆಲಸ ಆಯಿತು.

2,600ರಲ್ಲಿ 1,960 ಕಳೆದರೆ 640 ಕೆಜಿ ಉಳಿಯುತ್ತದೆ. ಖಾಲಿ ತೂಕದಲ್ಲಿ ಡ್ರೈವರ್ ತೂಕ ಸೇರಿರುವುದಿಲ್ಲ. ಅಂದರೆ ಜನ, ಕ್ಯಾಂಪರ್, ಅದರೊಳಗಿನ ಸಾಮಾನು ಎಲ್ಲಾ ಈ 640ರೊಳಗೇ ಇರಬೇಕು. ಈಗ ಲೆಕ್ಕ ಹಾಕೋಣ. ನೀವು ನಾಲ್ವರು 230 ಕೆಜಿ ಅಂತಿಟ್ಟುಕೊಳ್ಳಿ. ಕ್ಯಾಂಪರ್ 420. ನೀರು 80. ಟ್ಯೂಬುಲರ್ ಬ್ಯಾಟರಿ ಆಸಿಡ್ ಸೇರಿ 55ರ ಆಸುಪಾಸು. ಸಣ್ಣ ಸಿಲಿಂಡರ್ ತುಂಬಿದ್ದರೆ 12. ಹಾಸಿಗೆ, ಪಾತ್ರೆ, ಬಟ್ಟೆ, ದಿನಸಿ 80. ಒಟ್ಟು 877 ಕೆಜಿ. ಅಂದರೆ 237 ಕೆಜಿ ಮೇಲಕ್ಕೆ ಹೋಗಿದ್ದೀರಿ. ಅದೂ ಆ 420 ನಿಜವಾಗಿದ್ದರೆ. ಫ್ಯಾಬ್ರಿಕೇಟರ್ ಬಾಯಿಮಾತಿನ ತೂಕ ಕಾಟಾದಲ್ಲಿ (ಲಾರಿ ತೂಗುವ ವೇಬ್ರಿಡ್ಜ್) ಕಡಿಮೆಯಾದದ್ದನ್ನು ನಾನಂತೂ ನೋಡಿಲ್ಲ.

ಈ 237 ಕೆಜಿಯನ್ನು ಯಾವ ಸ್ಪ್ರಿಂಗೂ ಅಳಿಸುವುದಿಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕ ಬರೀ ಕಮಾನ್ ಪಟ್ಟಿಯ ತಾಕತ್ತಲ್ಲ. ಚಾಸಿ, ಹಿಂದಿನ ಆಕ್ಸಲ್, ಚಕ್ರದ ಬೇರಿಂಗ್, ಬ್ರೇಕ್, ಟೈರ್ ಎಲ್ಲವನ್ನೂ ಸೇರಿಸಿ ತಯಾರಕರು ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದ ಸಂಖ್ಯೆ ಅದು. ಪಟ್ಟಿ ಬದಲಾಯಿಸಿದರೆ ಗಾಡಿ ನಿಲ್ಲುವ ರೀತಿ ಬದಲಾಗುತ್ತದೆ. ಹೊರುವ ಹಕ್ಕು ಬದಲಾಗುವುದಿಲ್ಲ. ಆಸ್ಟ್ರೇಲಿಯಾದ ವಿಡಿಯೋ ನೋಡಿ ಬರುವವರು ಇಲ್ಲೇ ಎಡವುವುದು. ಅಲ್ಲಿ ಸ್ಪ್ರಿಂಗ್ ಕಿಟ್ ಹಾಕಿ, ಎಂಜಿನಿಯರ್ ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು ಒಟ್ಟು ತೂಕವನ್ನೇ ಏರಿಸುವ ವ್ಯವಸ್ಥೆ ಇದೆ. ನಮ್ಮಲ್ಲಿ ವರ್ಕ್‌ಶಾಪಿನ ಬಿಲ್ ತೋರಿಸಿದರೆ ಆರ್‌ಸಿಯ ಸಂಖ್ಯೆ ಬದಲಾಗುವುದಿಲ್ಲ.

ಇನ್ನು ನಿಮಗೆ ಸಿಕ್ಕ ಮೂರು ಸಲಹೆ.

ಭಾವನವರ 50 ಗಾಳಿ. ಕುಸಿದಿರುವುದು ಸ್ಪ್ರಿಂಗ್, ಟೈರಲ್ಲ. ಭಾರ ಇದ್ದಾಗ ಹಿಂದಿನ ಟೈರಿಗೆ ಜಾಸ್ತಿ ಗಾಳಿ ಬೇಕು, ಅದು ನಿಜ. ಎಷ್ಟು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಫುಲ್ ಲೋಡ್ ಅಂತ ಬರೆದಿರುತ್ತದೆ. ಟೈರ್ ತಣ್ಣಗಿದ್ದಾಗ ಅಷ್ಟು ಹಾಕಿ. ಅದಕ್ಕಿಂತ ಸುಮ್ನೆ ಏರಿಸಿದರೆ ಟೈರಿನ ನಡುಭಾಗ ಮಾತ್ರ ರಸ್ತೆ ಹಿಡಿಯುತ್ತದೆ, ಮಳೆಯಲ್ಲಿ ಜಾರುತ್ತದೆ. ಟೈರ್ ಪಕ್ಕದಲ್ಲಿ ಅಳತೆಯ ನಂತರ ಬರುವ ಲೋಡ್ ಇಂಡೆಕ್ಸ್ ಕೂಡ ನೋಡಿ. 112 ಅಂದರೆ ಒಂದು ಟೈರ್ 1,120 ಕೆಜಿ ಹೊರಬಲ್ಲದು, 108 ಅಂದರೆ 1,000 ಕೆಜಿ. ಅಂದಕ್ಕೆ ಅಂತ ಕಡಿಮೆ ಇಂಡೆಕ್ಸಿನ ಟೈರ್ ಹಾಕಿಸಿಕೊಂಡವರು ಇದ್ದಾರೆ, ಅದಕ್ಕೇ ಹೇಳಿದೆ.

ಮೆಕ್ಯಾನಿಕ್ ಹೇಳಿದ ಎರಡು ಪಟ್ಟಿ. ಅವರು ಸುಳ್ಳು ಹೇಳುತ್ತಿಲ್ಲ. ಅವರು ದಿನವೂ ನೋಡುವ ಗಾಡಿಗಳೇ ಬೇರೆ. ಬೊಲೆರೊ ಪಿಕಪ್‌ನಂಥ ಸರಕು ಗಾಡಿಯಲ್ಲಿ 1.7 ಟನ್ ಹೊರುವ ಮಾದರಿಯೇ ಇದೆ. ಅದರ ಚಾಸಿ, ಆಕ್ಸಲ್ ಎಲ್ಲಾ ಆ ಲೆಕ್ಕಕ್ಕೇ ಮಾಡಿದ್ದು. ಅಂಥದ್ದಕ್ಕೆ ಪಟ್ಟಿ ಕಟ್ಟಿ ಅಭ್ಯಾಸವಾದ ಕೈ ನಿಮ್ಮ ಗಾಡಿಯನ್ನೂ ಹಾಗೇ ನೋಡುತ್ತದೆ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ತರಹದ ನಾಲ್ಕು ಬಾಗಿಲಿನ ಗಾಡಿಗಳು ಅರ್ಧ ಕಾರು, ಅರ್ಧ ಲಾರಿ. ಪಟ್ಟಿ ಸೇರಿಸಿದರೆ ಗಾಡಿ ಎದ್ದು ನಿಲ್ಲುತ್ತದೆ, ಆ ಧಡ್ ಸದ್ದೂ ನಿಲ್ಲಬಹುದು. ಆದರೆ ಕ್ಯಾಂಪರ್ ಇಳಿಸಿಟ್ಟ ದಿನ ಹಿಂದಿನ ಚಕ್ರ ಹಳ್ಳಕೊಳ್ಳದಲ್ಲಿ ಕುಣಿಯುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಹಿಂಭಾಗ ಪಕ್ಕಕ್ಕೆ ಸರಿಯುವುದು ಇಂಥ ಗಾಡಿಗಳಲ್ಲೇ. ಇನ್ನೊಂದು ವಿಷಯ. ಗುಜರಿಯಿಂದ ತಂದ ಲಾರಿ ಪಟ್ಟಿಯನ್ನು ಕಾಯಿಸಿ, ಬಡಿದು, ಬಗ್ಗಿಸಿ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಹಾಗೆ ಕಾಯಿಸಿದರೆ ಸ್ಪ್ರಿಂಗ್ ಉಕ್ಕಿನ ಹದ ಹೋಗುತ್ತದೆ. ಬಾಗು ಸರಿಹೊಂದದ ಪಟ್ಟಿ ಪಕ್ಕದ ಪಟ್ಟಿಯನ್ನೂ ತಿನ್ನುತ್ತದೆ.

ಇನ್ನು ಏರ್ ಬ್ಯಾಗ್. ಅಪಘಾತದಲ್ಲಿ ಉಬ್ಬುವುದಲ್ಲ, ಆಕ್ಸಲ್ ಮತ್ತು ಚಾಸಿ ನಡುವೆ ಕೂರುವ ರಬ್ಬರ್ ಚೀಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಣ್ಣಿಗೆ ಇದೇ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು. ಗಾಳಿ ತುಂಬಿದ ಕೂಡಲೇ ಗಾಡಿ ಮಟ್ಟಸವಾಗಿ ನಿಲ್ಲುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಭಾರ ಚಾಸಿಗೆ ಎಲ್ಲಿ ತಗಲುತ್ತಿದೆ ನೋಡಿ. ಕಮಾನ್ ಪಟ್ಟಿ ಎರಡು ತುದಿಯಲ್ಲಿ ಚಾಸಿಗೆ ಕೂತಿರುತ್ತದೆ, ಮುಂದೆ ಒಂದು ಬ್ರಾಕೆಟ್, ಹಿಂದೆ ಶ್ಯಾಕಲ್ ಅನ್ನುವ ಅಲುಗಾಡುವ ಕೊಂಡಿ. ಭಾರ ಎರಡು ಜಾಗಕ್ಕೆ ಹಂಚಿಹೋಗುತ್ತದೆ. ಏರ್ ಬ್ಯಾಗ್ ಕೂರುವುದು ಇವೆರಡರ ಮಧ್ಯೆ, ಆಕ್ಸಲ್ ನೆತ್ತಿಯ ಮೇಲೆ. ಗಾಳಿ ಜಾಸ್ತಿ ಮಾಡಿದಷ್ಟೂ ಪಟ್ಟಿ ಸುಮ್ಮನಾಗಿ, ಚಾಸಿಯ ಒಂದೇ ಜಾಗಕ್ಕೆ ಕೆಳಗಿನಿಂದ ಗುದ್ದು ಬೀಳುತ್ತದೆ. ಅದೇ ಹೊತ್ತಿಗೆ ಹಿಂದಿನ ತುದಿಯಲ್ಲಿರುವ ಭಾರ ಚಾಸಿಯನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಹಂಪಿನ ಮೇಲೆ ವೇಗವಾಗಿ ಹಾರಿಸಿದರೆ ಕ್ಯಾಬಿನ್ ಹಿಂದೆ, ಲೋಡ್ ಬಾಡಿ ಶುರುವಾಗುವ ಹತ್ತಿರ ಚಾಸಿ ಬಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಬೆನ್ನು ಮುರಿದುಕೊಂಡ ನಾಲ್ಕು ಬಾಗಿಲಿನ ಪಿಕಪ್‌ಗಳು ಬೇಕಾದಷ್ಟಿವೆ. ನನ್ನ ಲಿಫ್ಟಿನ ಮೇಲೂ ಬಂದಿವೆ. ಕ್ಯಾಬಿನ್ ಮತ್ತು ಬಾಡಿ ನಡುವಿನ ಸಂದು ಮೇಲುಗಡೆ ಅಗಲ, ಕೆಳಗಡೆ ಕಿರಿದು ಕಂಡರೆ ಅರ್ಥ ಮಾಡಿಕೊಳ್ಳಿ. ನಿಮ್ಮ ಗಾಡಿಯಲ್ಲೂ ಇವತ್ತೇ ಒಮ್ಮೆ ಈ ಸಂದನ್ನು ನೋಡಿ.

ಹಾಗಂತ ಏರ್ ಬ್ಯಾಗ್ ಕೆಟ್ಟ ವಸ್ತು ಅಲ್ಲ. ತೂಕ ಮಿತಿಯೊಳಗಿದ್ದು, ಪಟ್ಟಿಯೇ ಮುಖ್ಯ ಭಾರ ಹೊತ್ತು, ಒಂದೆರಡು ಅಂಗುಲ ಸರಿಮಾಡಲು ಕಡಿಮೆ ಗಾಳಿಯಲ್ಲಿ ಬಳಸಿದರೆ ಉಪಯೋಗವೇ. ಮಿತಿ ಮೀರಿದ್ದನ್ನು ಮುಚ್ಚಿಡಲು ಹಾಕಿದರೆ ಮಾತ್ರ ತೊಂದರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು "ಹಿಂದಿನ ತುದಿಯಲ್ಲಿ 80 ಲೀಟರ್ ನೀರು" ಎಂಬ ಮಾತು. ಸ್ಕೂಟರ್ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಹೋದವರಿಗೆ ಗೊತ್ತು, ಹ್ಯಾಂಡಲ್ ಹೇಗೆ ಹಗುರಾಗುತ್ತದೆ ಅಂತ. ನಿಮ್ಮ ಗಾಡಿಯಲ್ಲೂ ಅದೇ ಆಗುತ್ತಿದೆ, ಲೈಟ್ ಆಕಾಶ ನೋಡುತ್ತಿದ್ದದ್ದೂ ಅದಕ್ಕೇ. ಇಂಥ ಗಾಡಿಗಳಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಸುಮಾರು 3.1 ಮೀಟರ್. ಟ್ಯಾಂಕ್ ಆಕ್ಸಲಿನಿಂದ 1.1 ಮೀಟರ್ ಹಿಂದಿದೆ ಅಂದುಕೊಳ್ಳಿ. 80ನ್ನು 1.1ರಿಂದ ಗುಣಿಸಿ 3.1ರಿಂದ ಭಾಗಿಸಿದರೆ 28 ಬರುತ್ತದೆ. ಅಷ್ಟು ಕೆಜಿ ಮುಂದಿನ ಚಕ್ರದಿಂದ ಎತ್ತಿಬಿಡುತ್ತದೆ. ಹಿಂದಿನ ಆಕ್ಸಲಿಗೆ 80 ಅಲ್ಲ, 108 ಕೆಜಿ ಬೀಳುತ್ತದೆ. ಅದೇ ಟ್ಯಾಂಕನ್ನು ಕ್ಯಾಬಿನ್ ಬೆನ್ನಿಗೆ ಒರಗಿಸಿ, ಆಕ್ಸಲಿನಿಂದ ಅರ್ಧ ಮೀಟರ್ ಮುಂದೆ ನೆಲಮಟ್ಟದಲ್ಲಿ ಕೂರಿಸಿದರೆ ಮುಂದಿನ ಚಕ್ರಕ್ಕೆ 13 ಕೆಜಿ ಸೇರುತ್ತದೆ. ಒಂದು ಟ್ಯಾಂಕ್ ಜಾಗ ಬದಲಾದರೆ ಮುಂದೆ 41 ಕೆಜಿ ವ್ಯತ್ಯಾಸ! ಒಂದು ರೂಪಾಯಿ ಸ್ಪ್ರಿಂಗಿಗೆ ಖರ್ಚು ಮಾಡದೆ.

ಇಡೀ ಕ್ಯಾಂಪರಿಗೂ ಇದೇ ಲೆಕ್ಕ. ನಾಲ್ಕು ಬಾಗಿಲಿನ ಗಾಡಿಯಲ್ಲಿ ಲೋಡ್ ಬಾಡಿ ಉದ್ದ ಒಂದೂವರೆ ಮೀಟರ್ ಆಸುಪಾಸು. ಕ್ಯಾಬಿನ್ ಜಾಗ ತಿಂದಿರುವುದರಿಂದ ಬಾಡಿಯ ಬಹುಪಾಲು ಆಕ್ಸಲಿಗೆ ಹಿಂದೆ ಚಾಚಿಕೊಂಡಿರುತ್ತದೆ. ಮಲಗಲು ಉದ್ದ ಸಾಲದು ಅಂತ ಕ್ಯಾಂಪರನ್ನು ಹಿಂದಕ್ಕೆ ಎಳೆದರೆ ತೂಕದ ನಡುಬಿಂದು ಆಕ್ಸಲ್ ದಾಟಿ ಹಿಂದೆ ಹೋಗುತ್ತದೆ. ಅದು ಆಕ್ಸಲಿಗಿಂತ ಸ್ವಲ್ಪವಾದರೂ ಮುಂದೆ ಇರಲೇಬೇಕು. ಕ್ಯಾಂಪರನ್ನು ಎತ್ತುವಾಗ ಅಡಿಯಲ್ಲಿ ಒಂದು ಪೈಪ್ ಇಟ್ಟು ಎಲ್ಲಿ ತೂಗಾಡುತ್ತದೆ ನೋಡಿ, ನಡುಬಿಂದು ಸಿಕ್ಕಿಬಿಡುತ್ತದೆ. ನಾಲ್ಕು ಜನ ಹುಷಾರಾಗಿ ಹಿಡಿದುಕೊಳ್ಳಬೇಕು, ಅಷ್ಟೆ.

ಕುಸಿತ ಎಲ್ಲರಿಗೂ ಕಾಣುತ್ತದೆ. ಎತ್ತರ ಯಾರಿಗೂ ಕಾಣುವುದಿಲ್ಲ. ಘಾಟಿನ ತಿರುವಿನಲ್ಲಿ ಹೆದರಿಸುವುದು ಆ ಎತ್ತರದಿಂದ ಬರುವ ವಾಲಾಟ. ಸ್ಪ್ರಿಂಗ್ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಗಟ್ಟಿ ಪಟ್ಟಿ ಹಾಕಿ ಹಳೇ ಶಾಕ್ಸ್ ಬಿಟ್ಟರೆ ಹಂಪ್ ದಾಟಿದ ಮೇಲೂ ಹಿಂಭಾಗ ಎರಡು ಸಲ ಏಳುತ್ತದೆ. ಪಟ್ಟಿ ಸೇರಿಸಿ ಗಾಡಿಯನ್ನು ಇನ್ನಷ್ಟು ಎತ್ತರ ಮಾಡಿದರೆ ವಾಲಾಟ ಜಾಸ್ತಿಯೇ ಆಗುತ್ತದೆ. ಇನ್ನೂ ಒಂದು ಗುಟ್ಟು ಅನೇಕ ಮೆಕ್ಯಾನಿಕ್‌ಗಳಿಗೇ ನೆನಪಿರುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮೇಲೆ ಒಂದು ಸಣ್ಣ ಕಡ್ಡಿ, ಅದಕ್ಕೆ ಸೇರಿದ ಬ್ರೇಕ್ ವಾಲ್ವ್ ಇರುತ್ತದೆ. ಗಾಡಿ ಕುಸಿದರೆ ಭಾರ ಇದೆ ಅಂತ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ನೀವು ಸ್ಪ್ರಿಂಗ್ ಹಾಕಿ ಹಿಂಭಾಗ ಎತ್ತಿದರೆ ಗಾಡಿ ಖಾಲಿ ಅಂತ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಪೂರ್ತಿ ಭಾರ, ಅರೆಬರೆ ಬ್ರೇಕ್. ನಿಮ್ಮ ಗಾಡಿಯಲ್ಲಿ ಈ ವಾಲ್ವ್ ಇದ್ದರೆ ಸ್ಪ್ರಿಂಗ್ ಹಾಕಿದ ದಿನವೇ ಅದನ್ನೂ ಹೊಂದಿಸಬೇಕು.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೊದಲು ಕ್ಯಾಂಪರ್ ಕೂರಿಸಿ, ನೀರು ತುಂಬಿಸಿ, ಮನೆಯವರನ್ನೆಲ್ಲ ಹತ್ತಿಸಿಕೊಂಡು ಕಾಟಾಕ್ಕೆ ಹೋಗುತ್ತಿದ್ದೆ. ಯಶವಂತಪುರ, ಪೀಣ್ಯ, ನೆಲಮಂಗಲ ರಸ್ತೆ ಎಲ್ಲಾ ಕಡೆ ಲಾರಿ ತೂಕ ಹಾಕುವ ಕಾಟಾ ಇದೆ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪೂರ್ತಿ ಗಾಡಿ ಒಂದು ತೂಕ, ಹಿಂದಿನ ಚಕ್ರ ಮಾತ್ರ ಒಂದು ತೂಕ. ದೊಡ್ಡ ಕಾಟಾಗಳು 10 ಅಥವಾ 20 ಕೆಜಿ ಲೆಕ್ಕದಲ್ಲಿ ತೋರಿಸುತ್ತವೆ, ಆದ್ದರಿಂದ ಐದು ಕೆಜಿಗೆ ತಲೆ ಕೆಡಿಸಿಕೊಳ್ಳಬೇಡಿ. ಖಾಲಿ ಗಾಡಿಯದೂ ಹೀಗೇ ತೂಕ ಹಾಕಿಸಿ.

ಆಮೇಲೆ ಕ್ಯಾಂಪರ್ ತೆಳ್ಳಗೆ ಮಾಡುವ ಕೆಲಸ. ಒಂದೂವರೆ ಇಂಚಿನ ಚೌಕ ಕಬ್ಬಿಣದ ಪೈಪ್, 2 ಎಂಎಂ ದಪ್ಪದ್ದು, ಮೀಟರಿಗೆ ಎರಡು ಕಾಲು ಕೆಜಿ. 40 ಮೀಟರ್ ಹೋಗಿದ್ದರೆ ಫ್ರೇಮೇ 90 ಕೆಜಿ. ಅಲ್ಯೂಮಿನಿಯಂನಲ್ಲಿ ಸ್ವಲ್ಪ ದಪ್ಪದ ಸೆಕ್ಷನ್ ಹಾಕಿದರೂ ಅರ್ಧಕ್ಕೆ ಇಳಿಯುತ್ತದೆ. 8 ಅಡಿ, 4 ಅಡಿಯ 18 ಎಂಎಂ ಪ್ಲೈವುಡ್ ಒಂದು ಹಲಗೆ 35 ಕೆಜಿ ಆಸುಪಾಸು. ಗೋಡೆಗೆ, ಕಪಾಟಿಗೆ ಅಷ್ಟು ದಪ್ಪ ಯಾಕೆ? ನಮ್ಮ ಬಡಗಿಗಳು ಮಾಡ್ಯುಲರ್ ಕಿಚನ್ ಮಾಡಿ ಮಾಡಿ ಗಾಡಿಗೂ ಅದನ್ನೇ ಬಡಿಯುತ್ತಾರೆ. ಗೋಡೆಗೆ ಫೋಮ್ ನಡುವಿಟ್ಟ ಫೈಬರ್ ಪ್ಯಾನಲ್, ಕಪಾಟಿನ ಬದಲು ಬಟ್ಟೆ ಚೀಲ, ಮೇಲ್ಭಾಗ ಎತ್ತಿ ಇಳಿಸುವ ಕ್ಯಾನ್ವಾಸ್ ಆದರೆ ತೂಕವೂ ಇಳಿಯುತ್ತದೆ, ಎತ್ತರವೂ ಇಳಿಯುತ್ತದೆ. ಟ್ಯೂಬುಲರ್ ಬ್ಯಾಟರಿ ತೆಗೆದು 100 ಎಎಚ್ ಲಿಥಿಯಂ ಹಾಕಿದರೆ ಬ್ಯಾಟರಿ ತೂಕ ಬರೀ 12 ಕೆಜಿ. ನೀರು 40 ಲೀಟರ್ ಸಾಕು, ನೀವೇನು ಮರುಭೂಮಿಗೆ ಹೋಗುತ್ತಿಲ್ಲ ಅಲ್ವಾ? 640ರಲ್ಲಿ ಜನರ 230 ಕಳೆದರೆ 410. ನೀರು, ಬ್ಯಾಟರಿ, ಸಿಲಿಂಡರ್, 70 ಕೆಜಿ ಸಾಮಾನು, ಜೊತೆಗೆ ಹೊಸ ಸ್ಪ್ರಿಂಗಿನ ತೂಕವನ್ನೂ ಕಳೆದರೆ ಕ್ಯಾಂಪರಿಗೆ ಸುಮಾರು 250 ಕೆಜಿ ಸಿಗುತ್ತದೆ. ಗುರಿ ಅದು. ಈಗಿನ ಡಬ್ಬಿಯನ್ನು ಅಲ್ಲಿ ಇಲ್ಲಿ ಕೊರೆದು ಆ ತೂಕಕ್ಕೆ ತರುವುದು ಕಷ್ಟ. ಹೊಸದಾಗಿ ಮಾಡಿಸುವುದೇ ಮೇಲು ಅಂತ ಬೇಸರದಿಂದಲೇ ಹೇಳುತ್ತೇನೆ.

ತೂಕ ಒಳಗೆ ಬಂದ ಮೇಲೆ ಸ್ಪ್ರಿಂಗ್. ನಿಮ್ಮದು ಹತ್ತಿಸಿ ಇಳಿಸುವ ಕ್ಯಾಂಪರ್, ಆದ್ದರಿಂದ ಸದಾ ಭಾರಕ್ಕೆ ಮಾಡಿದ ಗಟ್ಟಿ ಸೆಟ್ ಬೇಡ. ಎರಡು ಹಂತದ ಕಮಾನ್ ಸೆಟ್ ತೆಗೆದುಕೊಳ್ಳಿ. ಖಾಲಿ ಇದ್ದಾಗ ಮೇಲಿನ ಪಟ್ಟಿಗಳು ಮಾತ್ರ ಕೆಲಸ ಮಾಡುತ್ತವೆ. ಭಾರ ಬಿದ್ದಾಗ ಅಡಿಯ ದಪ್ಪ ಹೆಲ್ಪರ್ ಪಟ್ಟಿ ಸೇರಿಕೊಳ್ಳುತ್ತದೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ತರಹದ ಕಂಪನಿಗಳು ಪಟ್ಟಿಯನ್ನು ಎಷ್ಟು ಕೆಜಿ ಖಾಯಂ ಭಾರಕ್ಕೆ ಅಂತ ವಿಂಗಡಿಸಿ ಮಾರುತ್ತವೆ. ಅಂಗಡಿಯವರಿಗೆ "ಹೆವಿ ಕೊಡಿ" ಅನ್ನಬೇಡಿ, ಕಾಟಾ ಚೀಟಿಯ ಸಂಖ್ಯೆ ಹೇಳಿ. ಅದೇ ಪಟ್ಟಿಗೆ ಹೊಂದುವ ಶಾಕ್ಸ್ ನಾಲ್ಕೂ ಹಾಕಿಸಿ. ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಜಾಗದಲ್ಲಿ ಕೂರುವ ರಬ್ಬರ್ ಹೆಲ್ಪರ್ ಇನ್ನೊಂದು ದಾರಿ, ಅಗ್ಗ, ಸುಲಭ. ಆದರೆ ಅದೂ ಏರ್ ಬ್ಯಾಗಿನಂತೆ ಒಂದೇ ಜಾಗಕ್ಕೆ ಒತ್ತುತ್ತದೆ ಎಂಬುದು ಗೊತ್ತಿರಲಿ. ಚಾಸಿಗೆ ವೆಲ್ಡಿಂಗ್ ಮಾಡಲು ಯಾರಿಗೂ ಬಿಡಬೇಡಿ. ಕ್ಯಾಂಪರ್ ಕಟ್ಟುವ ಕೊಕ್ಕೆಗಳು ಲೋಡ್ ಬಾಡಿಯ ತಗಡಿಗಲ್ಲ, ಬೋಲ್ಟ್ ಮೂಲಕ ಚಾಸಿಗೆ ಬರಬೇಕು. ಅಡಿಯಲ್ಲಿ ರಬ್ಬರ್ ಮ್ಯಾಟ್ ಇರಲಿ.

ಕಾನೂನಿನ ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ ಇದೆ. ಬಾಡಿಯ ಪಕ್ಕಕ್ಕೆ ಚಾಚಿದ ಲೋಡಿಗೂ 20,000. ಆದ್ದರಿಂದ ಕ್ಯಾಂಪರ್ ಅಗಲ ಬಾಡಿಯೊಳಗೇ ಇರಲಿ. ರಸ್ತೆಯಲ್ಲಿ ಕಮಾನ್ ಪಟ್ಟಿ ಎಣಿಸಿದ ಪೊಲೀಸರನ್ನು ನಾನು ಕಂಡಿಲ್ಲ. ಅಪಘಾತವಾದ ಮೇಲೆ ಬರುವ ಇನ್ಶೂರೆನ್ಸ್ ಸರ್ವೇಯರ್ ಮಾತ್ರ ಬಗ್ಗಿ ನೋಡುತ್ತಾರೆ. ಸ್ಪ್ರಿಂಗ್ ಬದಲಾಯಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಕ್ಯಾಂಪರನ್ನು ಖಾಯಂ ಆಗಿ ಬೋಲ್ಟ್ ಹೊಡೆದು ಮೋಟಾರ್ ಕ್ಯಾರವಾನ್ ಮಾಡುತ್ತೇನೆ ಅಂದರೆ ಅದಕ್ಕೆ ಎಐಎಸ್-124 ಅಂತ ಬೇರೆ ಮಾನದಂಡವೇ ಇದೆ. ಒಂದು ಗಾಡಿಗೆ ಒಬ್ಬರೇ ಹೋಗಿ ಮಾಡಿಸಿಕೊಳ್ಳುವ ಕೆಲಸ ಅದಲ್ಲ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಲೋಡ್ ಬಾಡಿಗೆ ಫೈಬರ್ ಕ್ಯಾನಪಿ (ಮೇಲಿನ ಮುಚ್ಚಳ), ಕ್ಯಾನಪಿ ಅಷ್ಟು ತಡೆಯುವಂತಿದ್ದರೆ ಮೇಲೊಂದು ಮಡಚುವ ಟೆಂಟ್. ಎರಡೂ ಸೇರಿ ನಿಮ್ಮ ಈಗಿನ ಡಬ್ಬಿಯ ಅರ್ಧ ತೂಕವೂ ಬರುವುದಿಲ್ಲ. ಇರುವ ಸ್ಪ್ರಿಂಗೇ ಸಾಕಾಗುತ್ತದೆ.

ದಸರಾಗೆ ಈ ಕ್ಯಾಂಪರ್ ಹೊತ್ತು ಶಿರಾಡಿ ಇಳಿಯಬೇಡಿ. ಹೋಗಲೇಬೇಕು ಅಂದರೆ ಈ ಸಲ ಖಾಲಿ ಗಾಡಿಯಲ್ಲಿ ಹೋಗಿ ಲಾಡ್ಜಿನಲ್ಲಿ ಉಳಿಯಿರಿ. ಹೊಸ ಸ್ಪ್ರಿಂಗ್ ಹಾಕಿಸಿದಾಗ ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಹಾಕಿಸಿ, ಹಳೆಯದನ್ನು ಮತ್ತೆ ಬಿಗಿಯುವುದು ಬೇಡ. ಮೊದಲ 500 ಕಿಲೋಮೀಟರ್ ಆದ ಮೇಲೆ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಬಿಗಿಸಿ. ಭಾರ ಹೊತ್ತ ಸ್ಥಿತಿಯಲ್ಲೇ ಹೆಡ್‌ಲೈಟ್ ಇಳಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಕಾಟಾ ಚೀಟಿ ಬಂದ ಮೇಲೆ ಮೂರೂ ತೂಕ, ಕ್ಯಾಂಪರಿನ ನಡುಬಿಂದು ಆಕ್ಸಲಿನಿಂದ ಎಷ್ಟು ದೂರ ಇದೆ ಎಂಬುದು, ಟೈರಿನ ಲೋಡ್ ಇಂಡೆಕ್ಸ್ ಬರೆದು ಕಳಿಸಿ. ಯಾವ ಪಟ್ಟಿ ಅಂತ ಆಗ ಹೇಳುತ್ತೇನೆ.